ಕಾರು ಎಷ್ಟು ವರ್ಷ ಇಟ್ಟುಕೊಳ್ಳಬೇಕು?

ನಮ್ಮ ಮನೆಯ ಕಾರಿಗೆ ಹದಿನೇಳು ವರ್ಷ ತುಂಬಿದೆ. 2008ರಲ್ಲಿ ಕೊಂಡ ಸಣ್ಣ ಪೆಟ್ರೋಲ್ ಗಾಡಿ. ಆಗ ಈ ಊರು ಇನ್ನೂ ಬಿಜಾಪುರವಾಗಿತ್ತು. 2014ರ ನವೆಂಬರ್ 1ರಂದು ವಿಜಯಪುರವಾಯಿತು. ಊರಿನ ಹೆಸರು ಬದಲಾದರೂ ಕೆಎ-28 ಎಂಬ ನಂಬರು ಬದಲಾಗಲಿಲ್ಲ, ನಮ್ಮ ಗಾಡಿಯೂ ಬದಲಾಗಲಿಲ್ಲ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದ ಮೇಲಂತೂ ಎದುರಾದವರೆಲ್ಲ ಒಂದೇ ಮಾತು ಕೇಳತೊಡಗಿದರು: "ಈಗರ ಹೊಸಾದ್ ತಗೋರಲ್ಲ, ಸರ?" ಶಾಲೆಯ ಸಹೋದ್ಯೋಗಿಗಳು ಕೇಳಿದರು, ಜುಮಾ ಮುಗಿಸಿ ಹೊರಬಂದಾಗ ಚಪ್ಪಲಿ ಹುಡುಕುತ್ತಾ ನೆರೆಯವರು ಕೇಳಿದರು, ಅಥಣಿ ರಸ್ತೆಯ ನಮ್ಮ ಮಿಸ್ತ್ರಿಯೂ ಕೇಳಿದ. ಹಳೆಯ ಗಾಡಿಯಿಂದಲೇ ಹೊಟ್ಟೆ ಹೊರೆಯುವ ಅವನು ಕೇಳಿದ್ದು ನನಗೆ ಸೋಜಿಗವಾಯಿತು. ಅವನು ಹೇಳಿದ್ದಿಷ್ಟು: "ಗಾಡಿ ಇನ್ನ ಐದ್ ವರ್ಷ ಓಡತೈತ್ರಿ, ಸರ. ನೀವ್ ಖರ್ಚ್ ಮಾಡಾಂಗಿಲ್ಲಲ್ಲ, ಅದಕ್ಕ ಅಂದೆ."

ಕಾರು ಯಾವಾಗ ಬದಲಿಸಬೇಕು ಎಂಬುದು ಸಾಮಾನ್ಯವಾಗಿ ದುಡ್ಡಿನ ಪ್ರಶ್ನೆ ಎಂದು ನಾವು ತಿಳಿದಿದ್ದೇವೆ. ಕೈಯಲ್ಲಿ ಇದ್ದರೆ ಬದಲಿಸು, ಇಲ್ಲದಿದ್ದರೆ ಸುಮ್ಮನಿರು. ನಾನೂ ಬಹಳ ಕಾಲ ಹಾಗೆಯೇ ತಿಳಿದಿದ್ದೆ. ಅದರ ಹಿಂದೆ ಒಂದು ನೈತಿಕ ಪ್ರಶ್ನೆಯೂ ಇದೆ ಎಂಬುದು ತಲೆಗೆ ಹೊಕ್ಕದ್ದು ಇತ್ತೀಚೆಗೆ, ಅದೂ ಎರಡು ಘಟನೆಗಳಿಂದ. ಒಂದು ಬಬಲೇಶ್ವರದ ರಸ್ತೆಯಲ್ಲಿ ನಡೆದದ್ದು, ಇನ್ನೊಂದು ಟಿಕೋಟಾದ್ದು. ಅವುಗಳ ಕಡೆಗೆ ಬರುವ ಮೊದಲು, ಈ ಪ್ರಶ್ನೆಗೆ ಈಗಾಗಲೇ ಉತ್ತರ ಇದೆಯೆಂದು ಹೇಳುವವರ ಮಾತನ್ನು ಕೇಳೋಣ.

ಮೊದಲನೆಯ ಉತ್ತರ ಕಾನೂನಿನದು. ಸ್ವಂತ ಬಳಕೆಯ ವಾಹನದ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ. ಗಾಡಿಯನ್ನು ಆರ್‌ಟಿಓ ಕಚೇರಿಗೆ ಒಯ್ದು ತೋರಿಸಿ, ಶುಲ್ಕ ಕಟ್ಟಿದರೆ ಮತ್ತೆ ಐದು ವರ್ಷಕ್ಕೆ ನವೀಕರಣ. ಮೊದಲು ಕಾರಿಗೆ ಆರು ನೂರು ರೂಪಾಯಿ ಇದ್ದ ಈ ಶುಲ್ಕ 2022ರ ಏಪ್ರಿಲ್‌ನಿಂದ ಐದು ಸಾವಿರವಾಯಿತು. 2025ರ ಆಗಸ್ಟ್‌ನಲ್ಲಿ ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ ಹತ್ತು ಸಾವಿರವಾಯಿತು. ನಾನು 2023ರಲ್ಲಿ ಐದು ಸಾವಿರ ಕಟ್ಟಿ ನವೀಕರಿಸಿದ್ದೇನೆ. 2028ರವರೆಗೆ ಕಾನೂನಿನ ಕಣ್ಣಿನಲ್ಲಿ ನನ್ನ ಗಾಡಿ ಬದುಕಿದೆ. ದೆಹಲಿಯಲ್ಲಾಗಿದ್ದರೆ ಕಥೆಯೇ ಬೇರೆ. ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ, ಹದಿನೈದು ದಾಟಿದ ಪೆಟ್ರೋಲ್ ಗಾಡಿ ಓಡಬಾರದೆಂದು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. 2025ರ ಜುಲೈ 1ರಿಂದ ಅಂಥ ಗಾಡಿಗಳಿಗೆ ಪೆಟ್ರೋಲ್ ಪಂಪಿನಲ್ಲಿ ಎಣ್ಣೆಯನ್ನೇ ಹಾಕಬಾರದೆಂಬ ನಿಯಮ ಬಂತು. ಜನ ಗಲಾಟೆ ಮಾಡಿದ್ದರಿಂದ ಕೆಲವೇ ದಿನಗಳಲ್ಲಿ ನಿಂತಿತು. ಆಗಸ್ಟ್‌ನಲ್ಲಿ ಅದೇ ಕೋರ್ಟು, ವಯಸ್ಸಾಯಿತೆಂಬ ಒಂದೇ ಕಾರಣಕ್ಕೆ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡವೆಂದಿತು. ಡಿಸೆಂಬರ್‌ನಲ್ಲಿ ಆ ರಕ್ಷಣೆ ಬಿಎಸ್-4 ಮತ್ತು ಆ ನಂತರದ ಗಾಡಿಗಳಿಗೆ ಮಾತ್ರ ಎಂದು ತಿದ್ದಿತು. ಅಂದರೆ ಕಾನೂನು ಕೂಡ ವಯಸ್ಸನ್ನು ಬಿಟ್ಟು ಹೊಗೆಯನ್ನು ಅಳೆಯುವ ಕಡೆಗೆ ನಿಧಾನವಾಗಿ ಹೊರಳುತ್ತಿದೆ. ಈ ನಡುವೆ ದೆಹಲಿಯಲ್ಲಿ ಓಡದ ಎಷ್ಟೋ ಗಾಡಿಗಳು ಎನ್‌ಓಸಿ ಪಡೆದು ಬೇರೆ ರಾಜ್ಯಗಳಿಗೆ ಮಾರಾಟವಾದವು. ರಾಜಧಾನಿಯ ಹೊಗೆ ಕಡಿಮೆಯಾಯಿತೋ ಇಲ್ಲವೋ, ಅದು ಊರು ಬದಲಿಸಿತು ಎನ್ನುವುದಂತೂ ನಿಜ.

ಎರಡನೆಯ ಉತ್ತರ ಲೆಕ್ಕದ ಪುಸ್ತಕದ್ದು. ನಾನು ವರ್ಷಕ್ಕೆ ಎಂಟು ಸಾವಿರ ಕಿಲೋಮೀಟರ್ ಓಡಿಸುತ್ತೇನೆ. ಹಳೆಯ ಗಾಡಿ ಲೀಟರಿಗೆ ಹದಿನಾಲ್ಕು ಕೊಡುತ್ತದೆ. ಹೊಸದು ಇಪ್ಪತ್ತು ಕೊಡುತ್ತದೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ ಉಳಿಯುವುದು ನೂರಾ ಎಪ್ಪತ್ತು ಲೀಟರ್ ಪೆಟ್ರೋಲ್, ಅಂದರೆ ಹದಿನೇಳು ಸಾವಿರ ರೂಪಾಯಿಯ ಆಸುಪಾಸು. ಆರು ಲಕ್ಷ ಸಾಲವನ್ನು ಶೇಕಡಾ ಒಂಬತ್ತರ ದರದಲ್ಲಿ ಏಳು ವರ್ಷಕ್ಕೆ ತೆಗೆದರೆ ತಿಂಗಳ ಕಂತು ಸುಮಾರು 9,650 ರೂಪಾಯಿ. ಕೊನೆಗೆ ಕಟ್ಟಿದ್ದು ಎಂಟು ಲಕ್ಷ ಹನ್ನೊಂದು ಸಾವಿರ. ಉಳಿತಾಯಕ್ಕಾಗಿ ಹೊಸ ಕಾರು ಕೊಳ್ಳುತ್ತೇನೆ ಎನ್ನುವವರು ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಬರೆದು ನೋಡಲಿ.

ಪರಿಸರದ ಹೆಸರು ಹೇಳುವವರಿಗೂ ಇದೇ ಲೆಕ್ಕ ಬೇಕು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಎರಡು ಕಿಲೋ ಮುನ್ನೂರು ಗ್ರಾಂ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ನೂರಾ ಎಪ್ಪತ್ತು ಲೀಟರ್ ಉಳಿಸಿದರೆ ವರ್ಷಕ್ಕೆ ನಾಲ್ಕು ನೂರು ಕಿಲೋಗೆ ಸ್ವಲ್ಪ ಕಡಿಮೆ. ಆದರೆ ಒಂದು ಸಣ್ಣ ಕಾರನ್ನು ತಯಾರಿಸುವುದರಲ್ಲೇ, ಉಕ್ಕು ಕಾಯಿಸುವುದರಿಂದ ಹಿಡಿದು ಬಣ್ಣ ಬಳಿಯುವವರೆಗೆ, ಐದು ಟನ್ನೋ ಅದಕ್ಕಿಂತ ಹೆಚ್ಚೋ ಗಾಳಿಗೆ ಸೇರಿರುತ್ತದೆ. ನನ್ನಂಥ ಕಡಿಮೆ ಓಡಾಟದವನು ಆ ಐದು ಟನ್ ತೀರಿಸಲು ಹನ್ನೆರಡು-ಹದಿಮೂರು ವರ್ಷ ಬೇಕು. ಅಷ್ಟರಲ್ಲಿ ಹೊಸ ಕಾರೂ ಹಳೆಯದಾಗಿರುತ್ತದೆ. ದಿನಕ್ಕೆ ಆರು ಸಲ ವಿಜಯಪುರ-ಟಿಕೋಟಾ ತಿರುಗುವ ಕ್ರೂಸರ್ ಮಾಲೀಕನ ಲೆಕ್ಕ ಬೇರೆ. ಅವನು ವರ್ಷಕ್ಕೆ ಓಡುವುದು ನಾನು ಐದು ವರ್ಷಕ್ಕೆ ಓಡುವಷ್ಟು; ಅವನು ಬೇಗ ಬದಲಿಸಿದರೆ ಎಲ್ಲರಿಗೂ ಲಾಭ. ಆದರೆ ನಮ್ಮಲ್ಲಿ ನಡೆಯುವುದು ಇದಕ್ಕೆ ತಿರುಗುಮುರುಗು. ಭಾನುವಾರಕ್ಕೊಮ್ಮೆ ಹೊರತೆಗೆಯುವವರು ಐದು ವರ್ಷಕ್ಕೆ ಬದಲಿಸುತ್ತಾರೆ, ಹಗಲೂ ರಾತ್ರಿ ಓಡಿಸುವವರು ಬಾಗಿಲು ಕಳಚಿ ಬೀಳುವವರೆಗೆ ಓಡಿಸುತ್ತಾರೆ. ಅದು ಅವರ ತಪ್ಪಲ್ಲ, ಅವರ ಕಿಸೆಯ ಸ್ಥಿತಿ.

ಇಲ್ಲೊಂದು ಮಾತು ನನ್ನ ವಿರುದ್ಧವೇ ಹೇಳಬೇಕು. ಇಂಗಾಲದ ಲೆಕ್ಕದಲ್ಲಿ ನಾನು ಗೆದ್ದರೂ ಹೊಗೆಯ ಲೆಕ್ಕದಲ್ಲಿ ಗೆಲ್ಲುವುದಿಲ್ಲ. 2008ರಲ್ಲಿ ಬಿಎಸ್-3 ಕಡ್ಡಾಯವಾಗಿದ್ದುದು ಕೆಲವು ದೊಡ್ಡ ನಗರಗಳಲ್ಲಿ ಮಾತ್ರ. ದೇಶಕ್ಕೆಲ್ಲ ಬಂದದ್ದು 2010ರಲ್ಲಿ. 2017ರಲ್ಲಿ ಬಿಎಸ್-4 ಬಂತು, 2020ರ ಏಪ್ರಿಲ್ 1ರಿಂದ ಐದನ್ನು ಬಿಟ್ಟು ನೇರವಾಗಿ ಬಿಎಸ್-6. ನನ್ನ ಗಾಡಿಯ ಹಿಂದೆ ಗಾಂಧಿ ಚೌಕದಲ್ಲಿ ತಳ್ಳುಗಾಡಿ ಇಟ್ಟುಕೊಂಡು ಬಾಳೆಹಣ್ಣು ಮಾರುವವನು ನಿಂತಿರುತ್ತಾನೆ. ನನ್ನ ಮಿತವ್ಯಯದ ಒಂದು ಪಾಲನ್ನು ಅವನು ಉಸಿರಾಡುತ್ತಿದ್ದಾನೆ. ಅವನನ್ನು ಯಾರೂ ಕೇಳಿಲ್ಲ.

ನಮ್ಮ ಹಿರಿಯರಿಗೆ ಈ ಪ್ರಶ್ನೆಯೇ ಇರಲಿಲ್ಲ. ಅಂಬಾಸಿಡರ್ ಅಥವಾ ಪದ್ಮಿನಿ ಬೇಕೆಂದರೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಬಂದ ಮೇಲೆ ಅದು ಮನೆತನದ ಗಾಡಿ. ದೇಶದ ಮೊದಲ ಮಾರುತಿ 800ರ ಕೀಲಿಯನ್ನು 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರ ಕೈಯಿಂದ ಪಡೆದ ಹರ್ಪಾಲ್ ಸಿಂಗ್ ಎಂಬ ದೆಹಲಿಯ ಮನುಷ್ಯ ಅದನ್ನು 2010ರಲ್ಲಿ ತಾನು ತೀರಿಕೊಳ್ಳುವವರೆಗೂ ಇಟ್ಟುಕೊಂಡಿದ್ದರು. ಆಗ ಅದರ ಬೆಲೆ 47,500 ರೂಪಾಯಿ. ಅವರ ನಂತರ ಅದು ಮನೆಯ ಮುಂದೆ ತುಕ್ಕು ಹಿಡಿಯುತ್ತಾ ನಿಂತು, ಬಳಿಕ ಕಂಪೆನಿಯೇ ಅದನ್ನು ರಿಪೇರಿ ಮಾಡಿಸಿ ತನ್ನ ಕಚೇರಿಯಲ್ಲಿ ಪ್ರದರ್ಶನಕ್ಕಿಟ್ಟಿತು. ಕ್ಯೂಬಾ ದೇಶದ ರಸ್ತೆಗಳಲ್ಲಿ 1950ರ ದಶಕದ ಅಮೆರಿಕನ್ ಕಾರುಗಳು ಓಡುವುದನ್ನು ಚಿತ್ರಗಳಲ್ಲಿ ನೋಡಿ ನಾವು ಮೆಚ್ಚುತ್ತೇವೆ. ಆದರೆ ಕ್ರಾಂತಿಯ ನಂತರ ಹೊಸ ಕಾರು ಸಿಗದಿದ್ದುದರಿಂದ ಅವರು ಹಳೆಯದನ್ನು ಉಳಿಸಿಕೊಂಡರು. ಬೇರೆ ದಾರಿ ಇಲ್ಲದೆ ಮಾಡಿದ್ದನ್ನು ಸದ್ಗುಣವೆಂದು ಕರೆಯುವುದು ಸರಿಯಲ್ಲ. ಈಗ ನಮ್ಮ ಮುಂದೆ ದಾರಿಗಳಿವೆ, ಆದ್ದರಿಂದಲೇ ಈಗ ಇದು ನೀತಿಯ ಪ್ರಶ್ನೆ.

ಹೊಸದರ ಹಂಬಲ ಹೊಸದೇನಲ್ಲ ಎನ್ನುವುದಕ್ಕೆ ನಮ್ಮ ಊರಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಎರಡನೆಯ ಇಬ್ರಾಹಿಂ ಆದಿಲ್ ಶಾಹನ ರೋಜಾ 1627ರ ವೇಳೆಗೆ ಮುಗಿಯಿತು. ಅಷ್ಟು ಚೆಲುವಾದ ಕಟ್ಟಡದ ಮುಂದೆ ಮಗ ಮುಹಮ್ಮದ್ ಏನು ಮಾಡಬೇಕು? ಗಾತ್ರದಲ್ಲಿ ಮೀರಿಸಿದ, ಅದೇ ಗೋಳಗುಮ್ಮಟ, 1656. ಮೊಮ್ಮಗ ಎರಡನೆಯ ಅಲಿ ಅದನ್ನೂ ಮೀರಿಸಲು ಹೊರಟದ್ದು ಬಾರಾ ಕಮಾನ್. 1672ರಲ್ಲಿ ಅವನು ತೀರಿಕೊಂಡಾಗ ಕಮಾನುಗಳು ಛಾವಣಿಯಿಲ್ಲದೆ ನಿಂತಿದ್ದವು, ಈಗಲೂ ಹಾಗೆಯೇ ನಿಂತಿವೆ. ನೆರೆಮನೆಯವರ ಗಾಡಿಗಿಂತ ಒಂದು ಗೇಣು ಉದ್ದದ ಗಾಡಿ ಬೇಕೆಂದು ಕಂತಿಗೆ ಕೈ ಹಾಕುವ ನಮ್ಮ ಮಧ್ಯಮ ವರ್ಗವನ್ನು ಕಂಡಾಗಲೆಲ್ಲ ನನಗೆ ಆ ಕಮಾನುಗಳ ನೆನಪಾಗುತ್ತದೆ. ಮದುವೆಯ ಮಾತುಕತೆಗೆ ಬಂದವರು ಹುಡುಗಿಯನ್ನು ನೋಡುವ ಮೊದಲು ಅಂಗಳದ ಗಾಡಿಯನ್ನು ನೋಡುವುದು ಹಿಂದೂ ಮನೆಯಲ್ಲೂ ಇದೆ, ಮುಸ್ಲಿಂ ಮನೆಯಲ್ಲೂ ಇದೆ. ವರದಕ್ಷಿಣೆ ಹರಾಮ್ ಎಂದು ಭಾಷಣ ಮಾಡುವವರು "ಗಾಡಿ ಅವರಾಗೇ ಪ್ರೀತಿಯಿಂದ ಕೊಟ್ಟದ್ದು" ಎನ್ನುವುದನ್ನೂ ಕೇಳಿದ್ದೇನೆ.

ಧರ್ಮ ಇದಕ್ಕೆ ಏನು ಹೇಳುತ್ತದೆ? ದುಂದುವೆಚ್ಚ, ಅಂದರೆ ಇಸ್ರಾಫ್, ಕೂಡದು ಎಂಬುದು ನಮಗೆಲ್ಲ ಗೊತ್ತು. ಬಡ್ಡಿಯ ಸಾಲದ ಬಗ್ಗೆಯೂ ಗೊತ್ತು, ಅದನ್ನು ಮರೆಯುವ ದಾರಿಗಳೂ ಗೊತ್ತು. ನನ್ನನ್ನು ಹೆಚ್ಚು ಕಾಡಿದ್ದು ಝಕಾತಿನ ಲೆಕ್ಕ. ಸ್ವಂತ ಬಳಕೆಯ ವಾಹನದ ಮೇಲೆ ಝಕಾತ್ ಇಲ್ಲ. ವಾಸದ ಮನೆಯಂತೆ ಅದೂ ಅಗತ್ಯದ ವಸ್ತು. ಒಬ್ಬರ ಬಳಿ ಎಂಟು ಲಕ್ಷ ರೂಪಾಯಿ ನಗದಾಗಿ ಒಂದು ವರ್ಷ ಉಳಿದರೆ ಎರಡೂವರೆ ಶೇಕಡಾದಂತೆ ಇಪ್ಪತ್ತು ಸಾವಿರ ಬಡವರ ಪಾಲು. ಅದೇ ಎಂಟು ಲಕ್ಷ ಕಾರಾಗಿ ಅಂಗಳದಲ್ಲಿ ನಿಂತರೆ ಬಡವರ ಪಾಲು ಸೊನ್ನೆ. ಇದರಲ್ಲಿ ನಿಯಮದ ತಪ್ಪೇನೂ ಇಲ್ಲ, ಅಗತ್ಯಕ್ಕೆ ಕೊಟ್ಟ ರಿಯಾಯಿತಿ ಅದು. ಆದರೆ ಇರುವ ಗಾಡಿ ಚೆನ್ನಾಗಿ ಓಡುತ್ತಿರುವಾಗ ಇನ್ನೊಂದನ್ನು ಕೊಳ್ಳುವವನು ಆ ರಿಯಾಯಿತಿಯೊಳಗೆ ನುಸುಳುತ್ತಿದ್ದಾನೆಯೇ ಎಂದು ತನ್ನನ್ನೇ ಕೇಳಿಕೊಳ್ಳಬೇಕು. ಈ ಪ್ರಶ್ನೆಯನ್ನು ಮುಫ್ತಿಗಳಿಗೆ ಕೇಳಿ ಪ್ರಯೋಜನವಿಲ್ಲ. ಅವರಿಗೆ ನಿಮ್ಮ ಗಾಡಿಯ ಇಂಜಿನ್ನಿನ ಸ್ಥಿತಿ ಗೊತ್ತಿಲ್ಲ.

ಇಷ್ಟೆಲ್ಲ ಓದಿ ನಾನು ಹಳೆಯ ಗಾಡಿಯ ಪರವಾಗಿ ವಾದಿಸುತ್ತಿದ್ದೇನೆ ಎಂದು ನಿಮಗೆ ಅನ್ನಿಸಿರಬಹುದು. 2025ರ ಆಗಸ್ಟ್‌ವರೆಗೆ ನಾನು ಹಾಗೆಯೇ ವಾದಿಸುತ್ತಿದ್ದೆ, ಮತ್ತು ಸ್ವಲ್ಪ ಗಟ್ಟಿ ದನಿಯಲ್ಲೇ. "ನಮ್ಮದು ಹದಿನೇಳು ವರ್ಷದ್ದು" ಎಂದು ಹೇಳುವಾಗ ನನ್ನ ಎದೆ ಒಂದಿಷ್ಟು ಉಬ್ಬುತ್ತಿತ್ತು. ಹೊಸ ಕಾರಿನವನು ತನ್ನ ಕಾರನ್ನು ಒರೆಸುವಷ್ಟೇ ಪ್ರೀತಿಯಿಂದ ನಾನು ನನ್ನ ಸರಳತೆಯನ್ನು ಒರೆಸುತ್ತಿದ್ದೆ. ನಮ್ಮ ಊರಿನಲ್ಲೇ ಇದ್ದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ಅಂಗಿಗೆ ಕಿಸೆಯನ್ನೇ ಇಡಿಸುತ್ತಿರಲಿಲ್ಲ, 2018ರಲ್ಲಿ ಬಂದ ಪದ್ಮಶ್ರೀಯನ್ನೂ ಬೇಡವೆಂದರು. ಅಂಥವರ ಸರಳತೆ ಒಂದು ಬಗೆ. ಎದುರಿನವನ ಹೊಸ ಗಾಡಿಯನ್ನು ನೋಡಿದೊಡನೆ ತನ್ನ ಹಳೆಯ ಗಾಡಿಯ ವಯಸ್ಸು ಹೇಳುವವನ ಸರಳತೆ ಇನ್ನೊಂದು ಬಗೆ.

ಆ ಆಗಸ್ಟ್‌ನ ಒಂದು ರಾತ್ರಿ ಹತ್ತೂವರೆಗೆ ಬಬಲೇಶ್ವರದಿಂದ ಆಪಾ ಫೋನು ಮಾಡಿದಳು. ಭಾವನಿಗೆ ಎದೆನೋವು. ಬಬಲೇಶ್ವರ ಮತ್ತು ಟಿಕೋಟಾ ಎರಡೂ 2018ರಲ್ಲಿ ತಾಲೂಕು ಕೇಂದ್ರಗಳಾಗಿವೆ, ಬೋರ್ಡುಗಳು ದೊಡ್ಡವಾಗಿವೆ. ಆದರೆ ರಾತ್ರಿ ಎದೆನೋವು ಬಂದರೆ ಇಂದಿಗೂ ಎಲ್ಲರೂ ವಿಜಯಪುರದ ಕಡೆಗೇ ಮುಖ ಮಾಡುವುದು. ಸುಮಾರು ಇಪ್ಪತ್ತೈದು ಕಿಲೋಮೀಟರ್. ಆಪಾ ಪಕ್ಕದ ಮನೆಯ ಗಾಡಿ ಕೇಳುತ್ತೇನೆ ಎಂದಳು. "ಬೇಡ, ನಾನೇ ಬರ್ತೀನಿ, ಅರ್ಧ ತಾಸಿನಾಗ ಇರ್ತೀನಿ" ಎಂದೆ. ಹೋಗುವಾಗ ಗಾಡಿ ಚೆನ್ನಾಗಿಯೇ ಹೋಯಿತು. ಭಾವನನ್ನು ಹಿಂದಿನ ಸೀಟಿನಲ್ಲಿ ಒರಗಿಸಿಕೊಂಡು ತಿರುಗಿ ಹೊರಟು ಎಂಟು-ಹತ್ತು ಕಿಲೋಮೀಟರ್ ಬಂದಿರಬೇಕು, ಬಾನೆಟ್ಟಿನಿಂದ ಹಬೆ ಎದ್ದಿತು. ರೇಡಿಯೇಟರಿನ ರಬ್ಬರ್ ಪೈಪು ಸೀಳಿತ್ತು. ಎರಡೂ ಕಡೆ ಕಬ್ಬಿನ ಹೊಲ, ಕತ್ತಲೆ, ಸಣ್ಣ ಮಳೆ.

ಮೂರು ತಿಂಗಳ ಹಿಂದೆಯೇ ಮಿಸ್ತ್ರಿ ಹೇಳಿದ್ದ: "ಪೈಪ್ ಎಲ್ಲಾ ಬಿರುಸಾಗ್ಯಾವ್ರಿ, ಒಮ್ಮೆ ಬದಲಿಸಿಬಿಡೂಣು." ಎರಡು ಸಾವಿರದೊಳಗಿನ ಕೆಲಸ. "ನಡೀಲಿ ಬಿಡೋ" ಎಂದಿದ್ದೆ. ಹಳೆಯ ಗಾಡಿಗೆ ಹೆಚ್ಚು ಸುರಿಯಬಾರದು ಎಂಬುದು ನನ್ನ ಸೂತ್ರವಾಗಿತ್ತು. ಈಗ ನೋಡಿದರೆ ಅದರಷ್ಟು ತಲೆಕೆಳಗಾದ ಸೂತ್ರ ಇನ್ನೊಂದಿಲ್ಲ. ಟಾಂಗಾದವನ ಕುದುರೆ ಮುದಿಯಾದಾಗ ಅವನು ಮೇವು ಕಡಿಮೆ ಮಾಡುತ್ತಾನೆಯೇ? ಒಳ್ಳೆಯವನಾದರೆ ಭಾರ ಕಡಿಮೆ ಮಾಡುತ್ತಾನೆ. ನಾನು ಭಾರ ಹಾಗೆಯೇ ಇಟ್ಟು ಮೇವು ಕಡಿಮೆ ಮಾಡಿದ್ದೆ.

ನಲವತ್ತು ನಿಮಿಷದ ನಂತರ ಹಾಲಿನ ಕ್ಯಾನು ಹೇರಿಕೊಂಡ ಒಂದು ಟೆಂಪೋ ಬಂತು. ಅದರ ಚಾಲಕ, ಎಂದೂ ಕಂಡರಿಯದ ಹುಡುಗ, ಕ್ಯಾನುಗಳನ್ನು ಒತ್ತಟ್ಟಿಗೆ ಸರಿಸಿ, ಭಾವನನ್ನು ಮುಂದೆ ತನ್ನ ಪಕ್ಕದಲ್ಲಿ ಕೂರಿಸಿಕೊಂಡ. ನಾನೂ ಆಪಾಳೂ ಹಿಂದೆ ಕ್ಯಾನುಗಳ ನಡುವೆ ಕುಳಿತೆವು. ಅಲ್ಲಾಹನ ದಯೆ, ಭಾವ ಉಳಿದ. ಆಸ್ಪತ್ರೆಯ ವರಾಂಡದಲ್ಲಿ ಬೆಳಗಿನ ಜಾವ ಆಪಾ ಹೇಳಿದ ಮಾತು ಇದು: "ಗಾಡಿ ಹಳೇದಿದ್ರ ತಪ್ಪಿಲ್ಲ ತಮ್ಮಾ. ಹಿಂಗೈತಿ ಅಂತ ನೀ ಹೇಳಬೇಕಿತ್ತು. ನಾ ಬ್ಯಾರೆ ಗಾಡಿ ಕರೀತಿದ್ದೆ." ಸಿಟ್ಟಿನಿಂದ ಹೇಳಿದ್ದಲ್ಲ. ಅದಕ್ಕೇ ಹೆಚ್ಚು ನಾಟಿತು.

ಆಮೇಲೆ ಯೋಚಿಸುತ್ತಾ ಹೋದಾಗ ನನಗೆ ಹೊಳೆದದ್ದು ಇಷ್ಟೇ. ಗಾಡಿಯ ಅಪಾಯವನ್ನು ನಾನೊಬ್ಬನೇ ಹೊರುವುದಾದರೆ ಎಷ್ಟು ವರ್ಷ ಬೇಕಾದರೂ ಇಟ್ಟುಕೊಳ್ಳಬಹುದು, ಅದು ನನ್ನ ಆಯ್ಕೆ. ಆದರೆ ಗಾಡಿಯಲ್ಲಿ ಯಾರೂ ಒಬ್ಬರೇ ಕೂರುವುದಿಲ್ಲ. ಮಗಳು ಕೂರುತ್ತಾಳೆ, ನೆರೆಯವರ ತಾಯಿ ಕೂರುತ್ತಾರೆ. ಹೊಸ ಕಾರುಗಳಲ್ಲಿ 2019ರ ಏಪ್ರಿಲ್‌ನಿಂದ ಎಬಿಎಸ್ ಬ್ರೇಕ್, ಅದೇ ಜುಲೈಯಿಂದ ಚಾಲಕನಿಗೆ ಏರ್‌ಬ್ಯಾಗ್, 2022ರಿಂದ ಮುಂದಿನ ಎರಡೂ ಸೀಟಿಗೆ ಏರ್‌ಬ್ಯಾಗ್ ಕಡ್ಡಾಯವಾಗಿವೆ. ನನ್ನ ಗಾಡಿಯಲ್ಲಿ ಇವು ಒಂದೂ ಇಲ್ಲ. ನನ್ನ ಪಕ್ಕದಲ್ಲಿ ಕೂರುವವರಿಗೆ ಇದು ಗೊತ್ತೇ? ಸೋಲಾಪುರದವರೆಗೆ ನೂರು ಕಿಲೋಮೀಟರ್ ಹೆದ್ದಾರಿಯಲ್ಲಿ ಹೋಗಬೇಕಾದಾಗ "ಬಸ್ಸಿನಲ್ಲಿ ಹೋಗೋಣ" ಎನ್ನುವಷ್ಟು ಪ್ರಾಮಾಣಿಕತೆ ನನ್ನಲ್ಲಿದೆಯೇ? ಗಾಡಿಯ ಬಗ್ಗೆ ಏನನ್ನಾದರೂ ಮುಚ್ಚಿಟ್ಟು ಇತರರನ್ನು ಕೂರಿಸಿಕೊಳ್ಳಲು ಶುರು ಮಾಡಿದ ದಿನ ಅದರ ಅವಧಿ ಮುಗಿಯಿತು ಎಂದು ನನಗೀಗ ಅನ್ನಿಸುತ್ತದೆ. ಆ ದಿನ ಐದನೆಯ ವರ್ಷಕ್ಕೂ ಬರಬಹುದು, ಇಪ್ಪತ್ತೈದಕ್ಕೂ ಬರಬಹುದು. ಆಮೇಲೆ ಉಳಿಯುವ ದಾರಿ ಎರಡೇ: ರಿಪೇರಿ ಮಾಡಿಸುವುದು, ಇಲ್ಲವೇ ಬಿಡುವುದು.

ಬಿಡುವುದು ಎಂದೆ. ಬಿಟ್ಟ ಗಾಡಿ ಎಲ್ಲಿಗೆ ಹೋಗುತ್ತದೆ? ಹೊಸ ಕಾರಿನ ಪೂಜೆಗೆ ನಿಂಬೆಹಣ್ಣು ಇಡುವಾಗ, ಅಥವಾ ಬಿಸ್ಮಿಲ್ಲಾ ಹೇಳಿ ಕೀಲಿ ತಿರುಗಿಸುವಾಗ ಯಾರೂ ಇದನ್ನು ಯೋಚಿಸುವುದಿಲ್ಲ. 2021ರ ಆಗಸ್ಟ್‌ನಲ್ಲಿ ಕೇಂದ್ರ ಸರಕಾರ ಗುಜರಿ ನೀತಿ ತಂದಿತು. ಗಾಡಿಯನ್ನು ಅಧಿಕೃತ ಕೇಂದ್ರದಲ್ಲಿ ಒಡೆಸಿ ಪ್ರಮಾಣಪತ್ರ ತಂದರೆ ಹೊಸದರ ತೆರಿಗೆಯಲ್ಲಿ ಶೇಕಡಾ 25ರವರೆಗೆ ರಿಯಾಯಿತಿ ಕೊಡಬಹುದು ಎಂದಿತು. ಆದರೆ ಓಡುವ ಗಾಡಿಯನ್ನು ಒಡೆಸಲು ಯಾರು ಹೋಗುತ್ತಾರೆ? ಅದು ನಗರದಿಂದ ತಾಲೂಕಿಗೆ, ತಾಲೂಕಿನಿಂದ ಹಳ್ಳಿಗೆ, ಹಳ್ಳಿಯಿಂದ ತೋಟದ ಮನೆಗೆ ಇಳಿಯುತ್ತಾ ಹೋಗುತ್ತದೆ. ನಾವು ಕಾರು ಬದಲಿಸಿದಾಗ ಹಳೆಯ ಕಾರಿನ ದೋಷಗಳು ಮಾಯವಾಗುವುದಿಲ್ಲ, ನಮಗಿಂತ ಕಡಿಮೆ ದುಡ್ಡಿರುವವರ ಮನೆಗೆ ಹೋಗುತ್ತವೆ.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. 2008ರಲ್ಲಿ ಈ ಗಾಡಿ ಕೊಳ್ಳುವಾಗ ಅದಕ್ಕೂ ಹಿಂದಿನ ಒಂದು ಗಾಡಿಯನ್ನು ಮಾರಿದ್ದೆ. ಕೊಂಡವರು ಟಿಕೋಟಾದ ಒಬ್ಬ ದ್ರಾಕ್ಷಿ ಬೆಳೆಗಾರರು. ಆಗಷ್ಟೇ ತೋಟ ಕಟ್ಟಿದ್ದರು, ಮಣೂಕ ಮಾಡುವ ಶೆಡ್ಡು ಹಾಕಿದ್ದರು. ಅರವತ್ತೆರಡು ಸಾವಿರ ರೂಪಾಯಿ ಎಣಿಸಿ ಕೊಟ್ಟರು. ಆ ಗಾಡಿಯ ಬ್ರೇಕ್ ಆಯಿಲ್ ಎಲ್ಲೋ ಸೋರುತ್ತಿತ್ತು. ತಿಂಗಳಿಗೊಮ್ಮೆ ತುಂಬಿಸುತ್ತಿದ್ದೆ. ಅವರು ಗಾಡಿ ನೋಡಲು ಬರುವ ದಿನ ಬೆಳಿಗ್ಗೆಯೂ ತುಂಬಿಸಿಟ್ಟೆ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಕೇಳದ್ದನ್ನು ಹೇಳದಿರುವುದು ಸುಳ್ಳಲ್ಲ ಎಂದು ಆಗ ಮನಸ್ಸು ಸಮಾಧಾನ ಹೇಳಿತ್ತು.

ಪ್ರವಾದಿ(ಸ) ಒಮ್ಮೆ ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಒಳಗಡೆ ಒದ್ದೆ ತಾಕಿದ ಪ್ರಸಂಗ ಬಹುತೇಕ ಓದುಗರಿಗೆ ಗೊತ್ತಿದೆ. ಮಳೆ ಬಂದಿತ್ತು ಎಂದ ವ್ಯಾಪಾರಿ. ಹಾಗಾದರೆ ಒದ್ದೆಯಾದದ್ದನ್ನು ಜನ ನೋಡುವಂತೆ ಮೇಲೆ ಏಕೆ ಇಡಲಿಲ್ಲ ಎಂಬುದು ಅವರ ಪ್ರಶ್ನೆಯಾಗಿತ್ತು. ಗಮನಿಸಿ, ಆ ವ್ಯಾಪಾರಿಯನ್ನೂ ಯಾರೂ ಮೊದಲು ಕೇಳಿರಲಿಲ್ಲ; ಅವನೂ ಸುಳ್ಳು ಹೇಳಿರಲಿಲ್ಲ. ನಾನು ಮಕ್ಕಳಿಗೆ ಈ ಪ್ರಸಂಗವನ್ನು ಎಷ್ಟೋ ಸಲ ಹೇಳಿದ್ದೇನೆ, ಗಾಡಿ ಮಾರಿದ ಮೇಲೂ.

ಎರಡು ತಿಂಗಳ ನಂತರ ಟಿಕೋಟಾದ ಹತ್ತಿರ ಆ ಗಾಡಿಯ ಬ್ರೇಕ್ ಪೆಡಲ್ ತಳ ಮುಟ್ಟಿತು. ಗಾಡಿ ರಸ್ತೆ ಬಿಟ್ಟು ಜಾಲಿಕಂಟಿಗೆ ನುಗ್ಗಿ ನಿಂತಿತು. ಪಕ್ಕದಲ್ಲಿ ಕುಳಿತಿದ್ದ ಅವರ ತಂದೆಯ ಭುಜದ ಎಲುಬು ಮುರಿಯಿತು. ಈ ಸುದ್ದಿ ನನಗೆ ಇನ್ನೊಬ್ಬರ ಬಾಯಿಂದ ಬಂತು. ಅವರು ಒಂದು ಮಾತೂ ಆಡಲಿಲ್ಲ, ಫೋನು ಮಾಡಲಿಲ್ಲ. ನಾನೂ ಮಾಡಲಿಲ್ಲ. ಆಮೇಲೆ ಹದಿನೇಳು ವರ್ಷಗಳಲ್ಲಿ ಮದುವೆಗಳಲ್ಲಿ, ಮಾರುಕಟ್ಟೆಯಲ್ಲಿ ಅನೇಕ ಸಲ ಸಿಕ್ಕಿದ್ದಾರೆ. "ಆರಾಮೇನ್ರಿ ಮಾಸ್ತರ?" ಎನ್ನುತ್ತಾರೆ. "ಆರಾಮ್ರಿ" ಎನ್ನುತ್ತೇನೆ. ಈ ಕಾರನ್ನು ಇಷ್ಟು ವರ್ಷ ಮಾರದೆ ಇಟ್ಟುಕೊಂಡದ್ದಕ್ಕೆ ನಾನು ಹೇಳುತ್ತಿದ್ದ ಕಾರಣಗಳಲ್ಲಿ ಇದು ಎಂದೂ ಇರಲಿಲ್ಲ. ಬಬಲೇಶ್ವರದ ರಾತ್ರಿಯ ನಂತರ ಇದೂ ಒಂದಿರಬಹುದು ಎನ್ನಿಸಿತು. ಇಟ್ಟುಕೊಂಡಿದ್ದರೆ ಯಾರಿಗೂ ಏನನ್ನೂ ಹೇಳಬೇಕಾಗಿಲ್ಲವಲ್ಲ.

ಮೊದಲು ಮಿಸ್ತ್ರಿಯ ಹತ್ತಿರ ಹೋಗಿ ಪೈಪು, ಬ್ರೇಕು, ಟೈರು, ಸೀಟ್ ಬೆಲ್ಟು ಎಲ್ಲವನ್ನೂ ಸರಿಮಾಡಿಸಿದೆ. ಮೂವತ್ತೆಂಟು ಸಾವಿರ ಆಯಿತು. ಮಗಳು ಗಾಡಿ ಕಲಿಯುತ್ತಿದ್ದಾಳೆ. ಅವಳ ಕೈಗೆ ಏರ್‌ಬ್ಯಾಗ್ ಇಲ್ಲದ ಗಾಡಿ ಕೊಡಲು ಮನಸ್ಸಿಲ್ಲ. ಸಾಲ ಮಾಡದೆ ಸಿಗುವ, 2022ರ ನಂತರದ ಯಾವುದಾದರೂ ಬಳಸಿದ ಗಾಡಿಯನ್ನು ಹುಡುಕುತ್ತಿದ್ದೇನೆ. ಹಾಗೆ ಕೊಳ್ಳುವಾಗ ನಾನೂ ಒದ್ದೆ ಧಾನ್ಯವನ್ನೇ ಕೊಳ್ಳಬಹುದು, ಅದರ ಭಯವೂ ಇದೆ.

ಆಮೇಲೆ ಒಂದು ಭಾನುವಾರ ಟಿಕೋಟಾಕ್ಕೆ ಹೋದೆ. ಮಣೂಕದ ಹಂಗಾಮು. ಶೆಡ್ಡಿನ ನೆರಳಿನಲ್ಲಿ ಬಲೆಯ ಅಟ್ಟಗಳ ಮೇಲೆ ದ್ರಾಕ್ಷಿ ಹರವಿದ್ದರು, ಅಡಿಯ ಸಾಲುಗಳಲ್ಲಿ ಹಸಿರು ಹೋಗಿ ಹಳದಿಗೆ ತಿರುಗುತ್ತಿತ್ತು. ಬದಿಯ ಹೊಲದಲ್ಲಿ ಕಿತ್ತ ಬಳ್ಳಿಗಳ ರಾಶಿ ಬಿದ್ದಿತ್ತು. ಆಗ ಕಟ್ಟಿದ ತೋಟವನ್ನೇ ಈ ವರ್ಷ ತೆಗೆದಿದ್ದರು. ವಯಸ್ಸಾಯಿತೇ ಎಂದು ಕೇಳಿದೆ. "ವಯಸ್ಸಿಂದೇನ್ರಿ, ಬುಡ ಕೊಳಿಯಾಕ ಹತ್ತಿತ್ತು. ಆಚಿಕಡಿ ಪ್ಲಾಟು ಇದರ ವಾರಗೀದ, ಇನ್ನ ಚೊಲೊ ಬಿಡತೈತಿ, ಅದನ್ನ ಬಿಟ್ಟೀನಿ" ಎಂದರು.

ಚಹಾ ಬಂತು. ಬ್ರೇಕ್ ಆಯಿಲಿನ ವಿಷಯ ಹೇಳಿದೆ. ಹೇಳಲು ಐದು ನಿಮಿಷವೂ ಹಿಡಿಯಲಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಗೊತ್ತಿತ್ರಿ ಮಾಸ್ತರ" ಎಂದರು. "ಗಾಡಿ ಜಗ್ಗಿಕೊಂಡ ಹ್ವಾದಾಗ ಮಿಸ್ತ್ರಿನ ಹೇಳಿದ್ದ, ಇದು ಹಳೇ ಸೋರಿಕಿ ಐತಿ ಅಂತ. ನಮ್ಮಪ್ಪ ಅಂದಿದ್ದ, ಮಾಸ್ತರಗ ಗೊತ್ತಿರಲಿಕ್ಕಿಲ್ಲ ಬಿಡು ಅಂತ." ಅವರ ತಂದೆ ತೀರಿಕೊಂಡು ಆರು ವರ್ಷವಾಯಿತು.

ನಾನು ಏನೂ ಹೇಳಲಿಲ್ಲ. ಹೊರಡುವಾಗ ಅವರು ನನ್ನ ಕಾರಿನ ಸುತ್ತ ಒಂದು ಸುತ್ತು ಬಂದರು. ಟೈರು ಒತ್ತಿ ನೋಡಿದರು. ತೋಟಕ್ಕೆ ಓಡಾಡಲು ಮಗನಿಗೆ ಒಂದು ಸಣ್ಣ ಗಾಡಿ ಬೇಕಿತ್ತಂತೆ. "ಇದನ್ನ ಮಾರವರೇನ್ರಿ?" ಎಂದರು. ಇನ್ನೊಂದು ಸಿಕ್ಕ ಮೇಲೆ ಮಾರಬಹುದು ಎಂದೆ.

"ಹಂಗಾರ ಏನೇನ್ ಹ್ವಾಗೈತಿ, ಎಲ್ಲಾ ಒಂದ್ ಹಾಳಿ ಮ್ಯಾಲೆ ಬರದ್ ಕೊಡ್ರಿ. ಆಮ್ಯಾಲೆ ರೊಕ್ಕದ ಮಾತ್ ಆಡೂಣು."

ಮನೆಗೆ ಬಂದು ಮಿಸ್ತ್ರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆದೆ. ಹನ್ನೊಂದು ಬಾಬತ್ತುಗಳಾದವು. ಏಳನೆಯದರ ಹತ್ತಿರ ಮಿಸ್ತ್ರಿ ತಡೆದ: "ಇದನ್ನ ಯಾಕ್ ಬರೀತೀರಿ ಸರ, ಇದು ಅವರಿಗೆ ಕಾಣಸಾಂಗಿಲ್ಲ." ಬರೆದಿಟ್ಟಿದ್ದೇನೆ. ಫಾರ್ಮ್ 29, 30 ಇನ್ನೂ ತಂದಿಲ್ಲ.